ಫಿಟ್ಸ್ ಶುರುವಾದಾಗ ಮೊದಲು ಗಡಿಯಾರ ನೋಡಿ

ಪ್ರಶ್ನೆ: ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಹೋದ ವಾರ ನನ್ನ ರಾತ್ರಿ ಪಾಳಿಯಲ್ಲಿ, ತಲೆನೋವು, ವಾಂತಿ ಎಂದು ದಾಖಲಾಗಿದ್ದ 19 ವರ್ಷದ ಹುಡುಗನಿಗೆ ಫಿಟ್ಸ್ ಬಂತು. ಎರಡೂವರೆ ಸುಮಾರಿಗೆ ಡ್ರಿಪ್ ನೋಡಲು ಹೋದಾಗ ಅವನ ಬಲಗೈ ಬೆರಳು ಅದುರುತ್ತಿದ್ದವು. ಚಳಿ ಇರಬೇಕೆಂದು ಹೊದಿಕೆ ಎಳೆದೆ. ಅಷ್ಟರಲ್ಲಿ ಮೈಯೆಲ್ಲ ಸೆಟೆದು ಜಗ್ಗಾಡತೊಡಗಿದ. ಅವನ ಕಾಕಾ ಕೈಯಲ್ಲಿ ಕೀಲಿ ಗೊಂಚಲು ಇಟ್ಟು ಒತ್ತಿ ಹಿಡಿದರು, ಯಾರೋ ಉಳ್ಳಾಗಡ್ಡಿ ಜಜ್ಜಿ ತಂದರು, ಅವ್ವ ಬಾಯಿಗೆ ಚಮಚ ಹಾಕಲು ನೋಡಿದರು. ನಾನು ಕೈಕಾಲು ಹಿಡಿದುಕೊಂಡೆ, ಆಮೇಲೆ ಇಂಜೆಕ್ಷನ್ ತರಲು ಓಡಿದೆ. ಕಪಾಟಿನ ಕೀಲಿ ಸಿಗುವಷ್ಟರಲ್ಲಿ ಫಿಟ್ಸ್ ನಿಂತಿತ್ತು. ಡಾಕ್ಟರ್ ಬಂದು ‘ಎಷ್ಟು ಹೊತ್ತು ಇತ್ತು, ಹೇಗೆ ಶುರುವಾಯಿತು’ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರೆದುರು ಬೈಸಿಕೊಂಡೆ. ಆ ಹೊತ್ತಿನಲ್ಲಿ ನಾನು ಏನು ಮಾಡಬೇಕಿತ್ತು? ಹನಿಯ ವೇಗ ಹಿಡಿದಿಡುವ ಇನ್ಫ್ಯೂಷನ್ ಪಂಪ್ ಇಲ್ಲದ ನಮ್ಮಂಥ ಕಡೆ ಫಿಟ್ಸ್ ತಡೆಯುವ ಫೆನಿಟೋಯಿನ್ ಇಂಜೆಕ್ಷನ್ ಹೇಗೆ ಕೊಡಬೇಕು? ಲಕ್ವಾ ಹೊಡೆದವರು, ಎಚ್ಚರವಿಲ್ಲದವರು ಬಂದಾಗ ಏನು ನೋಡಬೇಕು? ಮನೆಯವರನ್ನು ಹೇಗೆ ಸಂಭಾಳಿಸಬೇಕು?

ಉತ್ತರ: ಸಿಸ್ಟರ್, ಮೊದಲ ಸಲ ಫಿಟ್ಸ್ ಕಣ್ಣೆದುರು ಕಂಡಾಗ ಎಲ್ಲರಿಗೂ ಕೈಕಾಲು ಆಡುವುದಿಲ್ಲ. ಹುಬ್ಬಳ್ಳಿಯ ವಾರ್ಡು, ಐಸಿಯುಗಳಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿ, ಈಗ ಧಾರವಾಡದಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೂ ಆ ಮೊದಲ ರಾತ್ರಿ ಇನ್ನೂ ನೆನಪಿದೆ. ನಿಮಗೆ ಬೈದ ಡಾಕ್ಟರರ ದನಿ ಸರಿಯಿರಲಿಲ್ಲ, ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ. ಡಾಕ್ಟರು ಕ್ವಾರ್ಟರ್ಸ್‌ನಿಂದಲೋ ಲೇಬರ್ ರೂಮಿನಿಂದಲೋ ಬರುವಷ್ಟರಲ್ಲಿ ರೋಗಿ ಗೊರಕೆ ಹೊಡೆಯುತ್ತ ಮಲಗಿರುತ್ತಾನೆ. ಅವರು ಫಿಟ್ಸ್ ನೋಡುವುದು ನಿಮ್ಮ ಕಣ್ಣಿನಿಂದ, ನಿಮ್ಮ ಬರಹದಿಂದ. ಇಸಿಜಿಯಲ್ಲಿ ಹೃದಯ ಕಾಣುತ್ತದೆ, ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ನಡುರಾತ್ರಿ ಎರಡೂವರೆಗೆ ಬಂದು ಹೋದ ಫಿಟ್ಸ್ ಕಂಡವರು ನೀವೊಬ್ಬರೇ. ಆ ಕೆಲಸ ಇಂಜೆಕ್ಷನ್ ಕೊಡುವುದಕ್ಕಿಂತ ಸಣ್ಣದು ಎಂದು ಯಾರು ಹೇಳಿದರೂ ನಂಬಬೇಡಿ.

ಹಾಗಾಗಿ ಮೊದಲು ಗಡಿಯಾರ. ಜಗ್ಗಾಟ ಶುರುವಾದ ಹೊತ್ತು ಅಂಗೈ ಮೇಲಾದರೂ ಬರೆದುಕೊಳ್ಳಿ. ಭಯದಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಅನ್ನಿಸುತ್ತದೆ. ಮನೆಯವರು ‘ಅರ್ಧಾ ತಾಸು ಆತ್ರೀ’ ಎನ್ನುತ್ತಾರೆ, ನೋಡಿದರೆ ಎರಡು ನಿಮಿಷ ಆಗಿರುತ್ತದೆ. ಗಡಿಯಾರ ಇಷ್ಟು ಮುಖ್ಯ ಏಕೆಂದರೆ 5 ನಿಮಿಷ ದಾಟಿದ ಜಗ್ಗಾಟ ತಾನಾಗಿ ನಿಲ್ಲುವ ಸಂಭವ ಕಡಿಮೆ. ಅದನ್ನು ಸ್ಟೇಟಸ್ ಎಪಿಲೆಪ್ಟಿಕಸ್ (ತಾನಾಗಿ ನಿಲ್ಲದ ಫಿಟ್ಸ್) ಎಂದೇ ಹಿಡಿದು ಔಷಧ ಶುರು ಮಾಡಬೇಕು. 30 ನಿಮಿಷ ದಾಟಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಭಯ. ಒಂದು ಫಿಟ್ಸ್ ನಿಂತು, ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೂ ಅದು ಸ್ಟೇಟಸ್ಸೇ.

ಗಡಿಯಾರ ನೋಡಿದ ಮೇಲೆ ಕೈ. ಕೈಕಾಲು ಒತ್ತಿ ಹಿಡಿಯಬೇಡಿ. ಜಗ್ಗುವ ಸ್ನಾಯುವಿನ ಬಲಕ್ಕೆ ನಿಮ್ಮ ಬಲವೂ ಸೇರಿದರೆ ಭುಜದ ಕೀಲು ತಪ್ಪುತ್ತದೆ, ಎಲುಬು ಮುರಿಯುತ್ತದೆ. ತಲೆಯ ಕೆಳಗೆ ಮಡಿಚಿದ ಬೆಡ್‌ಶೀಟು ಇಡಿ, ಮಂಚದ ಕಟಕಟೆ ಎತ್ತಿ ಅದರ ಮೇಲೆ ಕಂಬಳಿ ಹಾಕಿ, ಕೊರಳ ಬಳಿಯ ಗುಂಡಿ ಸಡಿಲಿಸಿ, ಗ್ಲೂಕೋಸ್ ಸ್ಟ್ಯಾಂಡ್ ಆಚೆ ಸರಿಸಿ. ಬಾಯಿಗೆ ಏನೂ ಹಾಕಬಾರದು. ಚಮಚ, ಬಟ್ಟೆ, ಬೆರಳು, ಪ್ಲಾಸ್ಟಿಕ್ ಏರ್‌ವೇ, ಯಾವುದೂ ಬೇಡ. ಹಲ್ಲು ಕಚ್ಚಿದ್ದಾಗ ಬಲವಂತ ಮಾಡಿದರೆ ಮುರಿದ ಹಲ್ಲು ಶ್ವಾಸನಾಳಕ್ಕೆ ಹೋಗುತ್ತದೆ. ನಾಲಿಗೆ ಕಚ್ಚಿದ್ದರೆ ಅದು ಮೊದಲ ಸೆಳೆತದಲ್ಲೇ ಆಗಿಹೋಗಿರುತ್ತದೆ, ಚಮಚ ಬರುವ ತನಕ ಕಾಯುವುದಿಲ್ಲ. ನಾಲಿಗೆ ನುಂಗಿಕೊಳ್ಳುತ್ತಾರೆ ಎಂಬ ಮಾತು ಸುಳ್ಳು. ಕೀಲಿಯ ವಿಷಯ ಮುಂದೆ ಹೇಳುತ್ತೇನೆ.

ಆಮೇಲೆ ಮಗ್ಗುಲಿಗೆ ತಿರುಗಿಸುವುದು. ಸೆಟೆತ ಜೋರಿದ್ದಾಗ ಪೂರಾ ತಿರುಗಿಸಲಾಗದಿದ್ದರೆ ತಲೆ ಭುಜ ಅಷ್ಟು ಹೊರಳಿಸಿ, ಜಗ್ಗಾಟ ಇಳಿಯುತ್ತಿದ್ದ ಹಾಗೆ ಇಡೀ ಮೈ ಮಗ್ಗುಲಿಗೆ ತನ್ನಿ. ಜೊಲ್ಲು, ವಾಂತಿ ಕೆನ್ನೆಯ ಕಡೆಯಿಂದ ಹೊರಗೆ ಹರಿಯಲಿ. ಮೇಲಿಂದ ಬಿದ್ದವರು, ಬೈಕಿನಿಂದ ಬಿದ್ದವರು ಆಗಿದ್ದರೆ ಕುತ್ತಿಗೆ ಹಿಡಿದು, ಇಬ್ಬರು ಸೇರಿ ಒಂದೇ ಸಲಕ್ಕೆ ತಿರುಗಿಸಿ. ಆಕ್ಸಿಜನ್ ಹಾಕಿ. ಮೈ ಸೆಟೆದಿದ್ದಾಗ ಎದೆಯ ಸ್ನಾಯುವೂ ಬಿಗಿದಿರುತ್ತದೆ, ಅದಕ್ಕೇ ತುಟಿ ನೀಲಿಯಾಗುವುದು. ಜಗ್ಗಾಟಕ್ಕೆ ಬಂದ ಮೇಲೆ ಉಸಿರು ತಿರುಗುತ್ತದೆ. ಸಕ್ಷನ್ ಬೇಕಾದರೆ ತುದಿ ಕೆನ್ನೆಯ ಒಳಬದಿಯಲ್ಲಿ ಇರಲಿ, ಹಲ್ಲಿನ ನಡುವೆ ತುರುಕಬೇಡಿ.

ಇನ್ನು ಕಣ್ಣು. ಕೈಗೆ ಮಾಡಲು ಕೆಲಸ ಉಳಿಯದ ಆ ಎರಡು ನಿಮಿಷ ಮುಖದ ಮೇಲಿಂದ ದೃಷ್ಟಿ ತೆಗೆಯಬೇಡಿ. ಮೊದಲು ಯಾವ ಭಾಗ ಅದುರಿತು? ತಲೆ, ಕಣ್ಣುಗುಡ್ಡೆ ಯಾವ ಕಡೆಗೆ ತಿರುಗಿದವು? ಹೆಸರು ಕರೆದರೆ ನೋಡಿದರೇ? ರೆಪ್ಪೆ ತೆರೆದಿತ್ತೇ, ಬಿಗಿಯಾಗಿ ಮುಚ್ಚಿತ್ತೇ? ಎರಡೂ ಕಡೆ ಒಂದೇ ತಾಳದಲ್ಲಿ ಜಗ್ಗಿತೇ, ಒಂದು ಕಡೆ ಹೆಚ್ಚೇ? ನಿಂತ ಮೇಲೆ ಒಂದು ಕೈ ಇನ್ನೊಂದಕ್ಕಿಂತ ಸಡಿಲವಾಗಿ ಬಿದ್ದಿದೆಯೇ? ಮೂತ್ರ ಹೋಗಿದೆಯೇ, ನಾಲಿಗೆಯ ಅಂಚು ಕಚ್ಚಿದೆಯೇ? ಹೆಸರು, ಊರು ಹೇಳಲು ಎಷ್ಟು ಹೊತ್ತು ಹಿಡಿಯಿತು?

ನಾನು ಕಲಿಸುವ ಮಕ್ಕಳಿಗೆ ಬರೆಸುವ ಮಾದರಿ ಒಂದು ಇದೆ. ‘ಬೆ. 4:10 – ಬಾಯಿಯ ಎಡ ಮೂಲೆ ಎಳೆಯಲು ಶುರು, ಕರೆದರೆ ನೋಡಿದರು, ಮಾತು ಬರಲಿಲ್ಲ. 4:11 – ತಲೆ ಎಡಕ್ಕೆ ತಿರುಗಿ ಮೈ ಸೆಟೆಯಿತು, ಬಳಿಕ ನಾಲ್ಕೂ ಕೈಕಾಲು ಜಗ್ಗಾಟ, ತುಟಿ ನೀಲಿ. ಮಗ್ಗುಲಿಗೆ ತಿರುಗಿಸಿ ಆಕ್ಸಿಜನ್. 4:13 – ನಿಂತಿತು. ಮೂತ್ರ ಹೋಗಿದೆ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡಿದ ಸಕ್ಕರೆ) 108. 4:30 – ಕರೆದರೆ ಕಣ್ಣು ಬಿಡುತ್ತಾರೆ, ಎಡಗೈ ಎತ್ತಲಾಗುತ್ತಿಲ್ಲ. 5:20 – ಹೆಸರು, ಮಗನ ಹೆಸರು ಹೇಳಿದರು, ಎಡಗೈ ಎತ್ತಿದರು.’ ಅಷ್ಟೇ. ಇದನ್ನು ಓದಿದ ನರರೋಗ ತಜ್ಞರಿಗೆ ಫಿಟ್ಸ್ ಮೆದುಳಿನ ಬಲಭಾಗದ ಒಂದು ಜಾಗದಲ್ಲಿ ಹುಟ್ಟಿ ಆಮೇಲೆ ಹರಡಿದೆ ಎಂಬುದು ಗೊತ್ತಾಗುತ್ತದೆ. ಬರೀ ‘ಫಿಟ್ಸ್ ಬಂತು, ಇಂಜೆಕ್ಷನ್ ಕೊಡಲಾಯಿತು’ ಎಂದು ಬರೆದರೆ ಏನೂ ಗೊತ್ತಾಗುವುದಿಲ್ಲ. ಗುಳಿಗೆಯ ಆಯ್ಕೆಯೂ ಇದರ ಮೇಲೇ ನಿಂತಿದೆ. ಕೆಲವು ಬಗೆಯ ಫಿಟ್ಸ್‌ನಲ್ಲಿ ಕಾರ್ಬಮಜೆಪೀನ್ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ. ಫಿಟ್ಸ್ ನಿಂತ ಮೇಲೆ ಒಂದು ಕಡೆ ಸೋತು ಬಿದ್ದದ್ದು ಕೆಲವು ತಾಸಿನಲ್ಲಿ, ಅಪರೂಪಕ್ಕೆ ಒಂದೂವರೆ ದಿನದಲ್ಲಿ, ತಾನೇ ತಿರುಗುವುದುಂಟು. ಆದರೆ ಆ ಸೋಲು ಯಾವ ಕಡೆ ಎಂದು ಬರೆದಿಡದಿದ್ದರೆ ಮರುದಿನದ ಹೊತ್ತಿಗೆ ಆ ಗುರುತೂ ಇರುವುದಿಲ್ಲ.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನಿಂತು ನಿಂತು ಹತ್ತು ಹದಿನೈದು ನಿಮಿಷ ಮೈ ಅಲ್ಲಾಡುವುದೂ ಇದೆ. ಮನಸ್ಸಿನ ಒತ್ತಡದಿಂದ ಬರುವ ಅಂಥ ಫಿಟ್ಸ್‌ಗೆ ಮೆದುಳಿನ ವಿದ್ಯುತ್ ಏರುಪೇರು ಕಾರಣವಲ್ಲ. ನಮ್ಮಲ್ಲೇ ಕೆಲವರು ‘ನಾಟಕ ಮಾಡ್ತಾಳ’ ಎಂದುಬಿಡುತ್ತಾರೆ. ದಯವಿಟ್ಟು ಆ ಮಾತು ಆಡಬೇಡಿ. ಅದೂ ಕಾಯಿಲೆಯೇ, ಅವರು ಬೇಕೆಂದು ಮಾಡುವುದಿಲ್ಲ. ನಿಜವಾದ ಮೂರ್ಛೆರೋಗ ಇದ್ದವರಿಗೂ ಅದು ಬರಬಹುದು. ಕಂಡದ್ದನ್ನು ಬರೆಯಿರಿ, ಅದೇನೆಂದು ತೀರ್ಮಾನಿಸುವುದು ಡಾಕ್ಟರರ ಕೆಲಸ.

ಇನ್ನು ಔಷಧ. ಫಿಟ್ಸ್ ಬಂದ ಪ್ರತಿಯೊಬ್ಬರಿಗೂ ಬೆರಳು ಚುಚ್ಚಿ ಸಕ್ಕರೆ ನೋಡಿ, ಡಾಕ್ಟರರಿಗೆ ಫೋನ್ ಮಾಡುತ್ತಲೇ ನೋಡಿ. 60ಕ್ಕಿಂತ ಕೆಳಗಿದ್ದರೆ ದೊಡ್ಡವರಿಗೆ ಶೇ 25ರ ಡೆಕ್ಸ್‌ಟ್ರೋಸ್ 100 ಎಂಎಲ್ ಶಿರದಲ್ಲಿ (ರಕ್ತನಾಳದಲ್ಲಿ) ಹೋಗಬೇಕು. ಕುಡಿತದ ಚಟ ಇದ್ದವರಿಗೆ, ಬಹಳ ದಿನ ಊಟ ಬಿಟ್ಟವರಿಗೆ ಅದಕ್ಕೂ ಮೊದಲು ಥಯಮಿನ್ 100 ಎಂಜಿ. ಸಕ್ಕರೆ ಇಳಿದು ಬಂದ ಫಿಟ್ಸ್‌ಗೆ ಫಿಟ್ಸ್ ಔಷಧ ಸುರಿದರೆ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ, ಶಿರ ಸಿಕ್ಕಿದ್ದರೆ ಲೊರಾಜೆಪಾಮ್. ತೂಕದ ಕಿಲೋಗೆ 0.1 ಎಂಜಿ ಲೆಕ್ಕ, ಒಂದು ಸಲಕ್ಕೆ 4 ಎಂಜಿ ಮೀರಬಾರದು, ನಿಮಿಷಕ್ಕೆ 2 ಎಂಜಿಗಿಂತ ವೇಗ ಬೇಡ. ನಿಲ್ಲದಿದ್ದರೆ ಇನ್ನೊಂದು ಸಲ. ಅದು ಫ್ರಿಜ್ಜಿನಲ್ಲಿ ಇರಬೇಕಾದ ಔಷಧ, ನಿಮ್ಮ ಟ್ರೇಯಲ್ಲಿ ಬೇಸಿಗೆಯಿಡೀ ಹೊರಗಿದ್ದ ಆಂಪೂಲನ್ನು ನಂಬಬೇಡಿ. ಶಿರ ಸಿಗದಿದ್ದರೆ ಹುಡುಕುತ್ತ ಹೊತ್ತು ಕಳೆಯುವುದು ಬೇಡ. ಮಿಡಜೋಲಾಮ್ ತೊಡೆಯ ಸ್ನಾಯುವಿಗೆ ಕೊಡಬಹುದು. 40 ಕಿಲೋ ದಾಟಿದವರಿಗೆ 10 ಎಂಜಿ, 13ರಿಂದ 40 ಕಿಲೋ ಇರುವವರಿಗೆ 5 ಎಂಜಿ. ಆಂಬುಲೆನ್ಸ್‌ನಲ್ಲೇ ಫಿಟ್ಸ್ ನಿಲ್ಲಿಸಲು ಇದು ಶಿರದ ಲೊರಾಜೆಪಾಮ್‌ಗೆ ಏನೂ ಕಡಿಮೆಯಿಲ್ಲ ಎಂದು 2012ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಡಯಾಜೆಪಾಮ್ ಮಾತ್ರ ಸ್ನಾಯುವಿಗೆ ಚುಚ್ಚಬೇಡಿ, ಹೀರಿಕೊಳ್ಳುವುದು ನಿಧಾನ, ಭರವಸೆಯಿಲ್ಲ. ಈ ಮೂರರಲ್ಲಿ ಯಾವುದೇ ಕೊಟ್ಟರೂ ಉಸಿರಾಟ ತಗ್ಗಬಹುದು, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ತಲೆದೆಸೆಯಲ್ಲೇ ಇರಲಿ. ‘ಫಿಟ್ಸ್ ಬಂದರೆ ಇದನ್ನು ಇಷ್ಟು ಕೊಡಬಹುದು’ ಎಂಬ ಆದೇಶವನ್ನು ನಿಮ್ಮ ಡಾಕ್ಟರರಿಂದ ಮೊದಲೇ ಬರೆಯಿಸಿ ಟ್ರೇಗೆ ಅಂಟಿಸಿಟ್ಟುಕೊಳ್ಳಿ. ಆ ರಾತ್ರಿ ನಿಮಗೆ ಕೈಕೊಟ್ಟದ್ದು ಕಪಾಟಿನ ಕೀಲಿ. ಅದು ಎಲ್ಲಿರಬೇಕು, ಪಾಳಿ ಬದಲಾಗುವಾಗ ಯಾರ ಕೈಗೆ ಹೋಗಬೇಕು ಎಂಬುದನ್ನು ನಾಳೆಯೇ ಇತ್ಯರ್ಥ ಮಾಡಿ.

ಫೆನಿಟೋಯಿನ್ ಬಗ್ಗೆ ಕೇಳಿದ್ದೀರಿ. ಬಹಳ ಕಡೆ ಕಣ್ಣಳತೆಯಲ್ಲೇ ಬಿಟ್ಟುಬಿಡುತ್ತಾರೆ, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಮೊದಲನೆಯದು, ನಾರ್ಮಲ್ ಸಲೈನ್ ಬಿಟ್ಟು ಬೇರೆ ಯಾವುದರಲ್ಲೂ ಬೆರೆಸಬೇಡಿ. ಡೆಕ್ಸ್‌ಟ್ರೋಸ್‌ನಲ್ಲಿ ಹಾಕಿದರೆ ಹರಳುಗಟ್ಟಿ ಮಂಜು ಮಂಜಾಗುತ್ತದೆ, ಅದು ಶಿರಕ್ಕೆ ಹೋಗಬಾರದು. ಎರಡನೆಯದು ವೇಗ. ನಿಮಿಷಕ್ಕೆ 50 ಎಂಜಿ ಮೀರಿದರೆ ಬಿಪಿ ಕುಸಿಯುತ್ತದೆ, ಹೃದಯದ ತಾಳ ತಪ್ಪುತ್ತದೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಅದರ ಅರ್ಧ ವೇಗವೇ ಸಾಕು. 60 ಕಿಲೋ ತೂಕದವರಿಗೆ ಕಿಲೋಗೆ 20 ಎಂಜಿಯಂತೆ 1200 ಎಂಜಿ ಆಯಿತು. 100 ಎಂಜಿಯ 2 ಎಂಎಲ್ ಆಂಪೂಲ್ ಹನ್ನೆರಡು, ಅಂದರೆ 24 ಎಂಎಲ್. ಅದನ್ನು 100 ಎಂಎಲ್ ಸಲೈನಿಗೆ ಸೇರಿಸಿದರೆ 124 ಎಂಎಲ್. ಅರ್ಧ ತಾಸಿನಲ್ಲಿ ಮುಗಿಸಿದರೆ ನಿಮಿಷಕ್ಕೆ 40 ಎಂಜಿ ಹೋಗುತ್ತದೆ, ಸುರಕ್ಷಿತ. ಎಂಎಲ್‌ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ 80 ಹನಿ ಚಿಲ್ಲರೆ. ನಿಮ್ಮ ಸೆಟ್ ಎಷ್ಟು ಹನಿಯದು ಎಂಬುದು ಪೊಟ್ಟಣದ ಮೇಲೆಯೇ ಇರುತ್ತದೆ, ಓದಿ. ಪಂಪ್ ಇಲ್ಲದ ಕಡೆ ನೀವೇ ಪಂಪು. ಗಡಿಯಾರ ಹಿಡಿದು ಹನಿ ಎಣಿಸಿ, ಅರ್ಧ ತಾಸು ಅಲ್ಲಿಂದ ಕದಲಬೇಡಿ, ಐದೈದು ನಿಮಿಷಕ್ಕೆ ಬಿಪಿ, ನಾಡಿ ಬರೆಯಿರಿ, ಮಾನಿಟರ್ ಇದ್ದರೆ ಹಚ್ಚಿ. ಬಿಪಿ ಇಳಿದರೆ ನಿಲ್ಲಿಸಿ ಡಾಕ್ಟರರಿಗೆ ಹೇಳಿ.

ಅಂಗೈ ಹಿಂಭಾಗದ ಸಣ್ಣ ಶಿರದಲ್ಲಿ ನೀಲಿ ಕ್ಯಾನುಲಾ ಹಾಕಿ ಇದನ್ನು ಬಿಡಬೇಡಿ. ಮೊಣಕೈ ಹತ್ತಿರದ ದಪ್ಪ ಶಿರ, ಗುಲಾಬಿ ಇಲ್ಲವೇ ಹಸಿರು ಕ್ಯಾನುಲಾ, ಮೊದಲೂ ಆಮೇಲೂ ಸಲೈನ್ ಫ್ಲಶ್. ಫೆನಿಟೋಯಿನ್ ಬಹಳ ಕ್ಷಾರದ ಔಷಧ, ಹೊರಗೆ ಸೋರಿದರೆ ಕೈ ನೇರಳೆಯಾಗಿ ಬಾತು ಚರ್ಮವೇ ಹೋಗಬಹುದು. ನಿಮ್ಮಲ್ಲಿ ಲೆವೆಟಿರಾಸಿಟಾಮ್ ಇಂಜೆಕ್ಷನ್ ಇದ್ದರೆ ಅದನ್ನೇ ಕೊಡಬಹುದೇ ಎಂದು ಡಾಕ್ಟರರನ್ನು ಕೇಳಿ. ಫಾಸ್‌ಫೆನಿಟೋಯಿನ್, ವಾಲ್ಪ್ರೋಯೇಟ್, ಲೆವೆಟಿರಾಸಿಟಾಮ್ ಮೂರನ್ನೂ ತೂಗಿ ನೋಡಿದ 2019ರ ಅಧ್ಯಯನದಲ್ಲಿ ಮೂರೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಫಿಟ್ಸ್ ನಿಲ್ಲಿಸಿದವು. ಪಂಪಿಲ್ಲದ, ಮಾನಿಟರಿಲ್ಲದ ವಾರ್ಡಿಗೆ ಲೆವೆಟಿರಾಸಿಟಾಮ್ ಕೊಡುವುದು ಸಲೀಸು ಎಂಬುದು ನನ್ನ ಅಭಿಪ್ರಾಯ.

ಬಸುರಿಗೆ ಐದು ತಿಂಗಳು ದಾಟಿದ ಮೇಲೆ, ಅಥವಾ ಬಾಣಂತಿಗೆ ಆರು ವಾರದೊಳಗೆ ಫಿಟ್ಸ್ ಬಂದರೆ ಬೇರೆ ಕಾರಣ ಸಾಬೀತಾಗುವ ತನಕ ಅದು ಎಕ್ಲಾಂಪ್ಸಿಯಾ (ಬಸಿರಿನ ಬಿಪಿ ಕಾಯಿಲೆಯ ಫಿಟ್ಸ್). ಎಡ ಮಗ್ಗುಲಿಗೆ ಮಲಗಿಸಿ, ಬಿಪಿ ನೋಡಿ. ಮ್ಯಾಗ್ನೀಷಿಯಂ ಸಲ್ಫೇಟ್ 4 ಗ್ರಾಂ ನಿಧಾನವಾಗಿ ಶಿರದಲ್ಲಿ, ಎರಡೂ ಪೃಷ್ಠಕ್ಕೆ ಐದೈದು ಗ್ರಾಂ. ಮುಂದಿನ ಡೋಸಿಗೆ ಮೊದಲು ಪ್ರತಿ ಸಲ ಮೊಣಕಾಲು ತಟ್ಟಿ ನೋಡಿ, ಕಾಲು ಚಿಮ್ಮಬೇಕು. ಉಸಿರು ನಿಮಿಷಕ್ಕೆ 16ಕ್ಕಿಂತ, ಮೂತ್ರ ತಾಸಿಗೆ 30 ಎಂಎಲ್‌ಗಿಂತ ಕಡಿಮೆ ಇರಬಾರದು. ಮ್ಯಾಗ್ನೀಷಿಯಂ ಹೆಚ್ಚಾದರೆ ಕೊಡಲು ಕ್ಯಾಲ್ಸಿಯಂ ಗ್ಲುಕೋನೇಟ್ ತುಂಬಿದ ಸಿರಿಂಜ್ ಪಕ್ಕದಲ್ಲಿರಲಿ. ಹತ್ತಿಗೆ, ಮೆಣಸಿನಕಾಯಿಗೆ ಎಣ್ಣಿ ಹೊಡೆಯುವ ದಿನಗಳಲ್ಲಿ ಹೊಲದಿಂದ ನೇರ ಬಂದವರಿಗೆ ಫಿಟ್ಸ್ ಇದ್ದರೆ ಕಣ್ಣಿನ ಪಾಪೆ ನೋಡಿ. ಸಾಸಿವೆಯಷ್ಟು ಚಿಕ್ಕದಾಗಿ, ಬಾಯಿ ತುಂಬ ಜೊಲ್ಲು, ಮೈಯೆಲ್ಲ ಬೆವರು ಇದ್ದರೆ ಅದು ಕೀಟನಾಶಕದ ವಿಷ. ಬಟ್ಟೆ ಬಿಚ್ಚಿಸಿ ಮೈ ತೊಳೆಸಬೇಕು, ನೀವು ಗ್ಲೌಸ್ ಹಾಕಿಕೊಂಡು. ಕುಡಿತ ದಿಢೀರನೆ ಬಿಟ್ಟವರಿಗೆ ಎರಡು ದಿನದೊಳಗೆ ಫಿಟ್ಸ್ ಬರುವುದು ಮಾಮೂಲು, ಬೇರೆ ಕಾಯಿಲೆಗೆಂದು ದಾಖಲಾದವರಲ್ಲೂ ಇದು ನೆನಪಿರಲಿ.

ಫಿಟ್ಸ್ ನಿಂತ ಮೇಲಿನ ಅರ್ಧ ತಾಸಿನ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ನೌಕರಿಯ ಮೊದಲ ವರ್ಷ. ಒಬ್ಬ ಹೆಣ್ಣುಮಗಳಿಗೆ ಫಿಟ್ಸ್ ನಿಂತಿತು, ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ಅವರ ಅತ್ತೆ ‘ಒಂದ್ ಗುಟುಕು ನೀರರ ಕುಡಸ್ರೀ ಯವ್ವಾ’ ಅಂದರು. ನಾನೇ ತಲೆ ಎತ್ತಿ ಹಿಡಿದು ಸ್ಟೀಲ್ ಲೋಟದಿಂದ ಕುಡಿಸಿದೆ. ಅವಳು ಕಣ್ಣು ಬಿಟ್ಟಿದ್ದಳೇ ಹೊರತು ಎಚ್ಚರವಾಗಿರಲಿಲ್ಲ, ನುಂಗುವ ಶಕ್ತಿ ಇನ್ನೂ ಬಂದಿರಲಿಲ್ಲ. ನೀರು ಶ್ವಾಸಕೋಶಕ್ಕೆ ಹೋಯಿತು. ನ್ಯುಮೋನಿಯಾ ಆಗಿ ಹನ್ನೊಂದು ದಿನ ಐಸಿಯುನಲ್ಲಿದ್ದಳು. ಬದುಕಿದಳು. ಫಿಟ್ಸ್ ಅವಳನ್ನು ಎರಡು ನಿಮಿಷದಲ್ಲಿ ಬಿಟ್ಟಿತ್ತು, ಆ ಹನ್ನೊಂದು ದಿನ ನಾನು ಕೊಟ್ಟದ್ದು. ಆವತ್ತಿನಿಂದ ಹೆಸರು, ಊರು, ವಾರ ಮೂರೂ ಸರಿಯಾಗಿ ಹೇಳುವ ತನಕ, ತಾನೇ ಎದ್ದು ಕುಳಿತು ಒಂದು ಚಮಚ ನೀರನ್ನು ಕೆಮ್ಮದೆ ನುಂಗುವ ತನಕ ಯಾರ ಬಾಯಿಗೂ ಏನನ್ನೂ ಕೊಟ್ಟಿಲ್ಲ. ಗುಳಿಗೆಯನ್ನೂ ಕೊಟ್ಟಿಲ್ಲ.

ಲಕ್ವಾ ಹೊಡೆದವರಿಗೂ ಇದೇ ಮಾತು. ಬಾಯಿ ವಾರೆಯಾದವರಿಗೆ ಮನೆಯವರು ಚಹಾ ಕುಡಿಸಿಯೇ ಕರೆತಂದಿರುತ್ತಾರೆ. ಬಂದ ಕೂಡಲೇ ಕೇಳಬೇಕಾದ್ದು ‘ಯಾವಾಗ ಆಯ್ತು’ ಎಂದಲ್ಲ, ‘ಸರಿಯಾಗಿದ್ದದ್ದನ್ನು ಕೊನೆಗೆ ಯಾವಾಗ ನೋಡಿದ್ರಿ’ ಎಂದು. ಮುಂಜಾನೆ ಏಳುವಾಗಲೇ ಕೈ ಬಿದ್ದಿದ್ದರೆ ಲೆಕ್ಕ ರಾತ್ರಿ ಮಲಗಿದ ಹೊತ್ತಿನಿಂದ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ತಾಸಿನ ಗಡುವಿದೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ನಿಮ್ಮ ತಾಲ್ಲೂಕಿನಿಂದ ಇನ್ನೂ ದೂರ ಇರಬಹುದು. ಹಾಗಾಗಿ ಕಾಗದಪತ್ರ ಆಮೇಲೆ, 108ಕ್ಕೆ ಮೊದಲು ಫೋನ್. ಬಿಪಿ ಹೆಚ್ಚಿದೆ ಎಂದು ನಾಲಿಗೆ ಕೆಳಗೆ ಗುಳಿಗೆ ಒಡೆದು ಹಾಕುವ ಹಳೆಯ ರೂಢಿ ಬೇಡ, ಬಿಪಿ ಒಮ್ಮೆಲೇ ಇಳಿದರೆ ಮೆದುಳಿಗೆ ಇನ್ನಷ್ಟು ಹಾನಿ. ವಾರ್ಡಿನಲ್ಲೇ ಉಳಿದವರಾದರೆ ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ದಿಂಬಿನ ಮೇಲೆ ಇಡಿ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ.

ಎಚ್ಚರವಿಲ್ಲದವರಿಗೆ ಜಿಸಿಎಸ್ (ಎಚ್ಚರದ ಮಟ್ಟ ಅಳೆಯುವ ಅಂಕ) ಬರೆಯುವಾಗ ಬರೀ ಒಟ್ಟು ಅಂಕ ಬರೆಯಬೇಡಿ; ಕಣ್ಣಿಗೆ ಎಷ್ಟು, ಮಾತಿಗೆ ಎಷ್ಟು, ಚಲನೆಗೆ ಎಷ್ಟು ಎಂದು ಬಿಡಿಸಿ ಬರೆಯಿರಿ. ಒಟ್ಟು 9 ಎಂಬುದು ಹಲವು ಬಗೆಯಲ್ಲಿ ಬರುತ್ತದೆ. 8ಕ್ಕೆ ಇಳಿದರೆ ಶ್ವಾಸನಾಳ ಕಾಯಬೇಕಾದ ಸ್ಥಿತಿ. ಹಿಂದಿನ ಪಾಳಿಗಿಂತ 2 ಅಂಕ ಇಳಿದರೆ, ಒಂದು ಪಾಪೆ ಇನ್ನೊಂದಕ್ಕಿಂತ ಹಿಗ್ಗಿದರೆ, ಬಿಪಿ ಏರುತ್ತ ನಾಡಿ ನಿಧಾನವಾದರೆ, ಡಾಕ್ಟರರು ಮಲಗಿದ್ದರೂ ಎಬ್ಬಿಸಿ. ತಲೆದೆಸೆ 30 ಡಿಗ್ರಿ ಎತ್ತರಿಸಿ, ಕುತ್ತಿಗೆ ನೇರ ಇರಲಿ. ಕೊರಳು ಸೊಟ್ಟಗಾದರೂ ಮೆದುಳಿನ ರಕ್ತ ಹಿಂದಿರುಗಲು ತಡೆಯಾಗುತ್ತದೆ. ರೆಪ್ಪೆ ಮುಚ್ಚದ ಕಣ್ಣಿಗೆ ಮುಲಾಮು ಹಾಕಿ ಮುಚ್ಚುವುದನ್ನು ಮರೆಯಬೇಡಿ. ಎಚ್ಚರ ಬಂದರೂ ಕಣ್ಣು ಹೋದವರನ್ನು ನೋಡಿದ್ದೇನೆ.

ಈಗ ಮನೆಯವರ ವಿಷಯ, ಕೀಲಿಯ ವಿಷಯ. ಕೀಲಿ ಕೊಟ್ಟ ಎರಡು ನಿಮಿಷಕ್ಕೆ ಫಿಟ್ಸ್ ನಿಲ್ಲುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕೊಡದಿದ್ದರೂ ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು ಎಂಬುದನ್ನು ಕಂಡಿಲ್ಲ, ಏಕೆಂದರೆ ಕೊಡದೆ ಯಾರೂ ಇದ್ದಿಲ್ಲ. ಆ ಹೊತ್ತಿನಲ್ಲಿ ವಾದ ಬೇಡ, ಗದರುವುದೂ ಬೇಡ. ಅವರ ಕೈ ಸುಮ್ಮನಿರಲಾರದು, ಅದಕ್ಕೆ ಕೆಲಸ ಕೊಡಿ. ‘ಕಾಕಾ, ನೀವು ಮೊಬೈಲ್‌ನ್ಯಾಗ ವಿಡಿಯೋ ಮಾಡ್ರಿ, ಮಾರಿ ಕಾಣೂ ಹಂಗ. ಡಾಕ್ಟರಿಗೆ ತೋರಸೋಣು.’ ‘ಯವ್ವಾ, ನೀವು ಅವನ ತಲಿ ಹಿಂಗ ಮಗ್ಗಲಿಗೆ ಹಿಡೀರಿ.’ ‘ಅಣ್ಣಾ, ಟೈಮ್ ನೋಡಿ ನಿಮಿಷ ನಿಮಿಷಕ್ಕ ಹೇಳ್ರಿ.’ ಕೀಲಿ ತಾನಾಗಿ ಕೆಳಗೆ ಬೀಳುತ್ತದೆ. ಉಳ್ಳಾಗಡ್ಡಿಯಿಂದ ನಿಲ್ಲುವುದೂ ಇಲ್ಲ, ಅದು ಮೂಗಿಗೆ ಅಡ್ಡಬಂದರೆ ಉಸಿರಿಗೆ ತೊಂದರೆ ಮಾತ್ರ. ಮಠದ ತೀರ್ಥ ತಂದರೆ ಹಣೆಗೆ ಹಚ್ಚಲಿ, ಬಾಯಿಗೆ ಬೇಡ ಎಂದು ಕೈಮುಗಿದು ಹೇಳಿ. ಯಾರೂ ಬೇಸರಪಟ್ಟದ್ದು ನನಗೆ ನೆನಪಿಲ್ಲ.

ಮನೆಗೆ ಕಳುಹಿಸುವ ದಿನದ ಮಾತೂ ನಮ್ಮದೇ ಕೆಲಸ. ಡಾಕ್ಟರರಿಗೆ ಅಷ್ಟು ಹೊತ್ತು ಇರುವುದಿಲ್ಲ. ಸರಿಯಾಗಿ ಗುಳಿಗೆ ತೆಗೆದುಕೊಂಡರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಭಾಗದಲ್ಲಿ ಗುಳಿಗೆ ತಪ್ಪುವುದು ಜಾತ್ರೆಗೆ ಊರಿಗೆ ಹೋದಾಗ, ಉಪವಾಸವಿದ್ದಾಗ, ‘ಮೂರು ತಿಂಗಳಾತು ಬಂದಿಲ್ಲ, ಸಾಕು’ ಎಂದುಕೊಂಡಾಗ. ಒಮ್ಮೆಲೇ ಬಿಟ್ಟರೆ ಸ್ಟೇಟಸ್ ಆಗಿಯೇ ತಿರುಗಿ ಬರುತ್ತಾರೆ ಎಂದು ನೇರವಾಗಿ ಹೇಳಿ. ರಾತ್ರಿಯಿಡೀ ಬಯಲಾಟ ನೋಡುವ ಜಾಗರಣೆ ಬೇಡ. ಒಲೆಯ ಮುಂದೆ ಒಬ್ಬಳೇ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಮುಖ, ಮುಂಗೈ ಸುಟ್ಟದ್ದನ್ನು ನಾನು ಬಹಳ ನೋಡಿದ್ದೇನೆ. ಬೇರೆಯವರು ಹಂಚಿನ ಹತ್ತಿರ ಕುಳಿತು ಇವರು ಹಿಟ್ಟು ನಾದಿ ಬಡಿದುಕೊಡಲಿ. ಕೃಷಿ ಹೊಂಡ, ಬಾವಿಗೆ ಒಬ್ಬರೇ ಇಳಿಯುವುದು ಬೇಡ. ಬಚ್ಚಲಿನ ಚಿಲಕ ಹಾಕುವುದು ಬೇಡ. ಗಾಡಿ ಓಡಿಸುವುದು ಬೇಡ. ಮದುವೆ ವಯಸ್ಸಿನ ಹುಡುಗಿ ವಾಲ್ಪ್ರೋಯೇಟ್ ಮೇಲಿದ್ದರೆ ಬಸುರಾಗುವ ಮೊದಲೇ ಡಾಕ್ಟರರನ್ನು ಕಾಣಲು ಹೇಳಿ, ಕೂಸಿನ ಬೆನ್ನುಹುರಿ, ಬುದ್ಧಿ ಬೆಳವಣಿಗೆಗೆ ಅದು ತೊಡಕು. ತಾವೇ ನಿಲ್ಲಿಸುವುದು ಮಾತ್ರ ಬೇಡ.

‘ಮದುವಿ ಆಗಂಗಿಲ್ಲೇನ್ರಿ’ ಎಂದು ತಾಯಂದಿರು ಮೆಲ್ಲಗೆ ಕೇಳುತ್ತಾರೆ. ಆಗುತ್ತದೆ ಎನ್ನಿ. ಮೂರ್ಛೆರೋಗವನ್ನು ಕಾರಣವಾಗಿಟ್ಟು ಮದುವೆ ಅಸಿಂಧು ಮಾಡಿಸುವ ಅವಕಾಶವನ್ನು ಹಿಂದೂ ವಿವಾಹ ಕಾಯ್ದೆಯಿಂದಲೂ ವಿಶೇಷ ವಿವಾಹ ಕಾಯ್ದೆಯಿಂದಲೂ 1999ರಲ್ಲೇ ತೆಗೆದುಹಾಕಿದ್ದಾರೆ. ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಎಂದರೆ ಕೆಲವರು ಹಿಂಜರಿಯುತ್ತಾರೆ. 1845ರಲ್ಲಿ ಮನೋರೋಗಿಗಳಿಗೆಂದು ಶುರುವಾದ ಆಸ್ಪತ್ರೆ ಅದು, ಹಳೆಯ ಹೆಸರಿನ ಅಂಜಿಕೆ ಇನ್ನೂ ಹೋಗಿಲ್ಲ. ಈಗ ಅದರ ಹೆಸರಿನಲ್ಲೇ ನರವಿಜ್ಞಾನವೂ ಇದೆ ಎಂದು ತಿಳಿಸಿ ಹೇಳಿ.

ಕೊನೆಗೆ ನಿಮ್ಮ ಆ ಹುಡುಗ. ಹೇಗೆ ಶುರುವಾಯಿತು ಎಂಬುದಕ್ಕೆ ಉತ್ತರ ಇರಲಿಲ್ಲ ಎಂದು ಬರೆದಿದ್ದೀರಿ, ಆದರೆ ಅದನ್ನು ನೋಡಿದ್ದೀರಿ. ಮೈ ಸೆಟೆಯುವ ಮೊದಲು ಬಲಗೈ ಬೆರಳು ಅದುರುತ್ತಿದ್ದವು ಎಂದು ನಿಮ್ಮ ಪತ್ರದಲ್ಲೇ ಇದೆ. ಅದು ಚಳಿಯಾಗಿರಲಿಲ್ಲ, ಫಿಟ್ಸ್ ಅಲ್ಲಿಂದಲೇ ಶುರುವಾಗಿತ್ತು. ತಲೆನೋವು, ವಾಂತಿ, ಮೇಲೆ ಬಲಗೈಯಿಂದ ಶುರುವಾದ ಫಿಟ್ಸ್ ಎಂದರೆ ಮೆದುಳಿನ ಎಡಭಾಗದಲ್ಲಿ ಏನಿದೆ ಎಂದು ಸ್ಕ್ಯಾನ್ ಮಾಡಿ ನೋಡಲೇಬೇಕು. ನಮ್ಮ ದೇಶದಲ್ಲಿ ಈ ವಯಸ್ಸಿನವರಿಗೆ ಹೊಸದಾಗಿ ಬರುವ ಫಿಟ್ಸ್‌ಗೆ ಲಾಡಿಹುಳದ ಮರಿಕೋಶ ಮೆದುಳಿನಲ್ಲಿ ಕೂರುವುದು ಒಂದು ದೊಡ್ಡ ಕಾರಣ. ‘ನಾವು ಮಾಂಸ ತಿನ್ನೂ ಮಂದಿ ಅಲ್ರೀ’ ಎನ್ನುವವರಿಗೂ ಅದು ಬರುತ್ತದೆ. ಹುಳದ ತತ್ತಿ ಹೊಟ್ಟೆ ಸೇರುವುದು ಸರಿಯಾಗಿ ತೊಳೆಯದ ಕಾಯಿಪಲ್ಲೆಯಿಂದ, ನೀರಿನಿಂದ, ಕೈಯಿಂದ. ಕ್ಷಯದ ಗಂಟು, ಗಡ್ಡೆ, ಬಾವು ಕೂಡ ಇರಬಹುದು. ಸ್ಕ್ಯಾನ್ ಆಗದೆ ಯಾರೂ ಅವನಿಗೆ ಹುಳದ ಗುಳಿಗೆ ಕೊಡದಂತೆ ನೋಡಿಕೊಳ್ಳಿ, ಸ್ಟೀರಾಯ್ಡ್ ರಕ್ಷಣೆಯಿಲ್ಲದೆ ಕೊಟ್ಟರೆ ಮೆದುಳು ಬಾತುಕೊಳ್ಳಬಹುದು.

ಇವತ್ತೇ ಕೇಸ್ ಶೀಟ್ ತೆಗೆಸಿ. ಹಳೆಯ ಸಾಲುಗಳ ನಡುವೆ ತುರುಕಬೇಡಿ, ಹೊಸ ಸಾಲಿನಲ್ಲಿ ಇವತ್ತಿನ ದಿನಾಂಕ, ಹೊತ್ತು ಹಾಕಿ ‘ತಡವಾಗಿ ದಾಖಲಿಸಿದ್ದು’ ಎಂದು ಬರೆದು, ಬಲಗೈ ಬೆರಳು ಅದುರಿದ್ದನ್ನು ಕಂಡ ಹಾಗೆಯೇ ಬರೆದು ಸಹಿ ಮಾಡಿ. ನಿಮಗೆ ಬೈದ ಡಾಕ್ಟರರಿಗೇ ಹೋಗಿ ತೋರಿಸಿ. ಹುಡುಗ ಮನೆಗೆ ಹೋಗಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಆಸ್ಪತ್ರೆಯಲ್ಲಿ ಇರುತ್ತದೆ, ಅವರಿಗೆ ಹೇಳಿ ಅವನನ್ನು ವಾಪಸ್ ಕರೆಸಿ, ಗದಗದ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೋ ಚೀಟಿ ಬರೆಸಿಕೊಡಿ. ಚೀಟಿಯಲ್ಲಿ ‘ಬಲಗೈಯಿಂದ ಶುರು’ ಎಂಬ ಮಾತು ಇದೆಯೇ ಎಂದು ನೋಡಿಯೇ ಕಳುಹಿಸಿ.